ಗವಿಸಿದ್ದಪ್ಪನಿಗೆ ಬೇಡವಾದ ಶೆಡ್ಡು

ನನ್ನ ಗಂಡ ಹಸನಸಾಬ್ ಬಳ್ಳಾರಿಯಲ್ಲಿ ಕಟ್ಟಿದ ಜೀನ್ಸ್ ಕಾರ್ಖಾನೆಯನ್ನು ಗವಿಸಿದ್ದಪ್ಪ ಕೊಳ್ಳುವ ದಿನ ಬಂತು. ಅದೇ ಊರಿನ ಇನ್ನೊಂದು ಜೀನ್ಸ್ ಕಾರ್ಖಾನೆಯ ಧಣಿ, ಮೂವತ್ತು ವರ್ಷ ನಮ್ಮ ಮೇಲೆ ಹಗೆ ಸಾಧಿಸಿದವನು. ನನ್ನ ಗಂಡ ಸತ್ತಾಗ ಬಂದು, ಚಹಾ ಕುಡಿದು, ನಮ್ಮ ಮಶೀನುಗಳನ್ನು ಕಣ್ಣಲ್ಲೇ ಅಳೆದು ಹೋದವನು. ಈಗ ಬಾಂಗ್ಲಾದೇಶದ ಪ್ಯಾಂಟುಗಳು ಲಕ್ಷ ಲಾರಿಗಳಲ್ಲಿ ಬಂದು ಇಬ್ಬರ ತಲೆಯ ಮೇಲೂ ಬಿದ್ದಿದ್ದವು. ಎರಡು ಕಾರ್ಖಾನೆ ಒಂದಾದರೆ ಮಾತ್ರ ದಿಲ್ಲಿಯ ಕಂಪನಿ ಆರ್ಡರ್ ಕೊಡುತ್ತದಂತೆ. ಒಂದಾಗುವುದೆಂದರೆ ಅವನು ಬಾಯಿ ತೆರೆಯುವುದು, ನಾವು ಒಳಗೆ ಹೋಗುವುದು.

ಅರ್ಧ ಪಾಲು ನನ್ನದು, ಅರ್ಧ ಭಾವನ ಮಗ ದಾದಾಪೀರನದು. ಅವನು ಆಗಲೇ ಗವಿಸಿದ್ದಪ್ಪನ ಆಫೀಸಿನಲ್ಲಿ ಕರಾರಿಗೆ ಸಹಿ ಹಾಕಿ ಕೂತಿದ್ದ. ನನ್ನ ಕೈ ತಡೆದದ್ದು ಅದರ ಒಂದೇ ಸಾಲು: ನಮ್ಮ ಕುರುಗೋಡಿನ ಹೊಲಿಗೆ ಶೆಡ್ಡು ಮುಚ್ಚಬೇಕು. ಅಲ್ಲಿ ಇಪ್ಪತ್ತೆರಡು ಹೆಂಗಸರು ದುಡಿಯುತ್ತಾರೆ.

"ಶೆಡ್ ಮುಚ್ಚಂಗಿಲ್ಲ, ಗವಿಸಿದ್ದಪ್ಪಾ" ಎಂದೆ.

"ಅದು ದನ ಕಟ್ಟಾಕ ಚಲೋ ಐತಿ ಜುಬೇದಮ್ಮ. ಬಾಂಗ್ಲಾದೇಶದ ಜೋಡಿ ಪೈಪೋಟಿ ಮಾಡಾಕಲ್ಲ."

"ನಿನ್ನ ಹೊಟ್ಟಿ ನೋಡಿದ್ರ ಬಾಂಗ್ಲಾದೇಶ ಆಗ್ಲೇ ಒಳಗ ಹೋದಂಗೈತಿ."

"ಚಾಚೀ, ಸುಮ್ನ ಸಹಿ ಹಾಕ್ರಿ" ದಾದಾಪೀರ್ ಹಲ್ಲು ಕಡಿದ. "ಈ ವಯಸ್ಸಿನ್ಯಾಗ ಬಾಯಿ ಸಣ್ಣದಾಗಬೇಕು."

"ಹಲ್ಲು ಹೋದ್ವಲ್ಲ ಲೇ, ಜಾಗ ಹೆಚ್ಚಾಗೈತಿ."

ಗವಿಸಿದ್ದಪ್ಪ ಒಂದು ಕರಿ ಪ್ಯಾಂಟನ್ನು ನನ್ನ ಮುಂದೆ ಎಸೆದ. "ದಿಲ್ಲಿಯವ್ರು ಒಪ್ಪಿದ್ದು ಇದನ್ನ. ನನ್ನ ಹೊಸ ಮಶೀನಿನ ಕೆಲಸ. ನಿಮ್ಮ ಕುರುಗೋಡು ಹೆಂಗಸ್ರು ಏಳು ಜನ್ಮ ಎತ್ತಿದ್ರೂ ಹಿಂಗ ಹೊಲಿಯಾಕ ಆಗಂಗಿಲ್ಲ."

ನಾನು ಅದರ ಜೇಬನ್ನು ಒಳಗು ಹೊರಗು ಮಾಡಿದೆ. ತಳದಲ್ಲಿ ಹಸಿರು ದಾರದ ಗಂಟು. ನಮ್ಮ ಶೆಡ್ಡಿನಲ್ಲಿ ಒಬ್ಬಳು ಹೊಲಿದದ್ದನ್ನು ಇನ್ನೊಬ್ಬಳು ತನ್ನದೆನ್ನಬಾರದೆಂದು ಪ್ರತಿಯೊಬ್ಬಳೂ ಜೇಬಿನೊಳಗೆ ತನ್ನ ಬಣ್ಣದ ದಾರ ಕಟ್ಟುತ್ತಾಳೆ. ಬಂಡಲ್ ಹೋಗುವ ಮೊದಲು ಕತ್ತರಿಸಬೇಕು. ಹಸಿರಿನವಳು ಸುಂಕಮ್ಮ, ಕತ್ತರಿಸಲು ಸದಾ ಮರೆಯುತ್ತಾಳೆ.

ಅಲ್ಲೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟೆ. "ಸುಂಕಮ್ಮ, ಗವಿಸಿದ್ದಪ್ಪನ ಕರಿ ಪ್ಯಾಂಟಿನ ಜೇಬಿನ್ಯಾಗ ನಿನ್ನ ಹಸಿರು ದಾರ ಐತಿ, ಯಾರು ಹೊಲಿದ್ರಬೇ?"

"ನಾನೇ ಹೊಲಿದೀನಿ ಅಮ್ಮ. ಅವರ ತೆಕ್ಕಲಕೋಟೆ ಏಜೆಂಟ ತಂದು ಕೊಟ್ಟಿದ್ದ. ಯಾರಿಗೂ ಹೇಳಬ್ಯಾಡ ಅಂದಿದ್ದ."

ಗವಿಸಿದ್ದಪ್ಪನ ಮುಖ ಒಣಮೆಣಸಿನಕಾಯಿಯಾಯಿತು. "ಆ ಏಜೆಂಟನ ಕಾಲು ಮುರೀತೀನಿ!"

"ಮುರಿಯಪ್ಪ. ಆದ್ರ ದಿಲ್ಲಿಗೆ ಇಂಥ ಪ್ಯಾಂಟು ಹೊಲಿದು ಕಳಿಸೋರು ಯಾರು, ನೀನಾ?"

ಅವನು ಪೆನ್ನಿನಿಂದ ಕಾಗದ ಹರಿಯುವಂತೆ ಆ ಸಾಲು ಹೊಡೆದುಹಾಕಿದ. "ಎರಡು ವರ್ಷ ಇಡ್ತೀನಿ."

"ಐದು."

"ಎರಡು. ಇಲ್ಲಾಂದ್ರ ಎದ್ದು ಹೋಗ್ರಿ. ಮತ್ತ ಇನ್ನೊಂದು. ಶೆಡ್ ಉಳಿದ್ರ ಅಲ್ಲಿಗೊಬ್ಬ ಮೇಲ್ವಿಚಾರಕ ಬೇಕು. ದಾದಾಪೀರಗ ಇಲ್ಲಿ ಮ್ಯಾನೇಜರ್ ಕುರ್ಚಿ ಇಲ್ಲ, ಅಲ್ಲೇ ಹೋಗಿ ಕುಂದರ್ಲಿ."

ಆ ಕುರ್ಚಿಗಾಗಿಯೇ ದಾದಾಪೀರ್ ಮೊದಲು ಸಹಿ ಹಾಕಿದ್ದನೆಂದು ಆಗ ತಿಳಿಯಿತು. ಅವನು ನನ್ನನ್ನು ನೋಡಿದ ನೋಟಕ್ಕೆ ಬಳ್ಳಾರಿ ಗುಡ್ಡವೂ ಸೀಳುತ್ತಿತ್ತು. ಆದರೂ ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು ಬರೆದೆ. ಅಷ್ಟರಲ್ಲಿ ತುಂಗಭದ್ರೆ ಎರಡು ಸಲ ತುಂಬಿ ಇಳಿದಿರಬೇಕು.

ದಾದಾಪೀರ್ ನನ್ನನ್ನು ಬಿಟ್ಟು ಬೈಕಿನಲ್ಲಿ ಹೊರಟುಹೋದ. ನಾನು ಬಸ್ಸು ಹತ್ತಿ ಕುರುಗೋಡಿಗೆ ಬಂದು, ಇನ್ನು ಮೇಲೆ ಗವಿಸಿದ್ದಪ್ಪನೇ ಧಣಿ, ಎರಡು ವರ್ಷ ಮುಚ್ಚುವುದಿಲ್ಲ ಎಂದೆ. ಸುಂಕಮ್ಮ ಮಶೀನು ನಿಲ್ಲಿಸಲಿಲ್ಲ.

"ಎರಡು ವರ್ಷ ಆದ ಮ್ಯಾಲ?"

"ಅವನ ಜೀವ ತಿನ್ನಾಕ ನಾನಿನ್ನೂ ಬದುಕಿರ್ತೀನಿ, ತಗಾ" ಎಂದೆ.

ಯಾರೂ ನಗಲಿಲ್ಲ.