ಎರಡರಷ್ಟಾದ ಹಿಟ್ಟು

ಮಳವಳ್ಳಿ ಬಳಿಯ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಆಪರೇಟರಾಗಿದ್ದ ಜಯಪ್ರಕಾಶ್ ತರಬೇತಿಗೆಂದು ಸ್ಕಾಟ್‌ಲ್ಯಾಂಡಿಗೆ ಹೋಗಿಬಂದು ಎರಡು ವರ್ಷವಾಗಿತ್ತು. ಅಲ್ಲಿ ಇದ್ದದ್ದು ನಲವತ್ತು ದಿನ, ಇಲ್ಲಿ ಹೇಳಿದ್ದು ಏಳುನೂರು ದಿನ. ಟರ್ಬೈನುಗಳ ವಿಷಯ ಅವನ ಬಾಯಲ್ಲಿ ಬರುತ್ತಿದ್ದುದು ಅಪರೂಪ. ಬರುತ್ತಿದ್ದುದೆಲ್ಲ, ಅವನಿಗೆ ಕೋಣೆ ಕೊಟ್ಟಿದ್ದ ಮೊರಾಗ್ ಎಂಬ ಮುದುಕಿ ದಿನಾ ಬೆಳಗ್ಗೆ ಮಾಡಿಕೊಡುತ್ತಿದ್ದ ರೋಲಿನ ಸುದ್ದಿ. ಅಂಗೈಯಗಲದ ರೋಲು, ಮೇಲೆ ಹಿಟ್ಟಿನ ಧೂಳು, ನಡುವೆ ಹೆಬ್ಬೆರಳಿನ ಗುಳಿ, ಅದುಮಿದರೆ ತಗ್ಗಿ ಬಿಟ್ಟರೆ ಏಳುವಷ್ಟು ಮೆತ್ತಗೆ.

"ಬನ್ನು ಅನ್ನು," ಎಂದ ಸಹೋದ್ಯೋಗಿ ಶಿವರಾಜು, ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ.

"ಬನ್ನಲ್ಲ ಕಣ್ಲಾ. ಬನ್ನು ಸಿಹಿ ಇರ್ತದೆ."

"ಸಪ್ಪೆ ಬನ್ನು ಅನ್ನು. ಎಲ್ಡು ವರ್ಸದಿಂದ ಕೇಳಿ ಕೇಳಿ ನಂಗೆ ಅಜೀರ್ಣ ಆಗೈತೆ, ಬಾಯ್ಗೆ ಮಾತ್ರ ಒಂದ್ ಚೂರೂ ಬಿದ್ದಿಲ್ಲ. ಬ್ಲಫ್ನಲ್ಲಿರೋನು ಬ್ಲಫ್ ಒಡೀದೆ ಇನ್ನೇನ್ ಒಡೀತಾನೆ ಬುಡು."

"ಭಾನ್ವಾರ ಮನೆಗ್ ಬನ್ನಿ. ಮಾಡಿ ತಿನ್ನುಸ್ತೀನಿ."

ಫೋರ್‌ಮನ್ ಮರಿಸಿದ್ದಯ್ಯ ಕನ್ನಡಕ ತೆಗೆದು ತೀರ್ಪು ಕೊಟ್ಟರು. "ಸರಿಯಾಗಿದ್ರೆ ನಾನು ರಿಟೈರಾಗೋಗಂಟ ನಿನ್ ಸ್ಕಾಟ್ಲೆಂಡ್ ಕೇಳ್ತೀನಿ ಕಣಪ್ಪ. ಇಲ್ದಿದ್ರೆ ಈ ಕಂಟ್ರೋಲ್ ರೂಮಲ್ಲಿ ಆ ಎಸ್ರು ಎತ್ತಂಗಿಲ್ಲ."

ಜಯಪ್ರಕಾಶ್ ಒಪ್ಪಿದ. ತಾನು ಆ ರೋಲುಗಳನ್ನು ತಿಂದಿದ್ದೇನೆಯೇ ಹೊರತು ಮಾಡಿಲ್ಲವೆಂಬುದು ಹೊಳೆದದ್ದು ಒಪ್ಪಿದ ಮೇಲೆ. ಸೋತರೆ ಉಳಿದ ಸರ್ವೀಸೆಲ್ಲ ಮಳವಳ್ಳಿ ಬಸ್ಸು ಎಷ್ಟು ಹೊತ್ತಿಗೆ ಎಂಬ ವಿಷಯವನ್ನೇ ಮಾತಾಡಿಕೊಂಡು ಕಳೆಯಬೇಕಿತ್ತು.

ಭಾನುವಾರ ಹೆಂಡತಿ ಮದ್ದೂರಿನ ತವರಿನಲ್ಲಿದ್ದಳು. ಕಿರುಗಾವಲಿನಿಂದ ಬಂದಿದ್ದ ತಾಯಿ ಹೊಂಬಾಳಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ, ಮಗ ಮೈದಾ ನಾದುವುದನ್ನು ನೋಡುತ್ತಿದ್ದಳು. ರೋಲು ಮಾಡುವ ವಿಧಾನವನ್ನು ಮೊರಾಗ್ ಬರೆದುಕೊಟ್ಟಿದ್ದ ಚೀಟಿ ಗೋಡೆಯ ಮೊಳೆಗೆ ಸಿಕ್ಕಿಕೊಂಡಿತ್ತು.

"ಸೇಂದಿ ವಾಸ್ನೆ ಬತ್ತೈತಲ್ಲಾ ಮಗ."

"ಈಸ್ಟು ಕಣವ್ವ."

"ನಿಮ್ಮಪ್ಪನೂ ಏನೇನೋ ಎಸ್ರು ಏಳ್ತಿದ್ದ."

ಅವನು ಬೋಗುಣಿಗೆ ಒದ್ದೆ ಬಟ್ಟೆ ಮುಚ್ಚಿದ. ಆಗ ನೆನಪಾಯಿತು, ಬಿಸಿ ರೋಲಿಗೆ ಸವರಲು ಪ್ಯಾಕೆಟ್ ಬೆಣ್ಣೆ ಇಲ್ಲ. ಮನೆಯಲ್ಲೇ ಕಡೆದ ಬೆಣ್ಣೆ ಇದೆಯೆಂದು ತಾಯಿ ಹೇಳಿದರೆ, ಅದು ಮೊರಾಗ್‌ಳ ಬೆಣ್ಣೆಯ ಹಾಗಿಲ್ಲವೆಂದು ಸ್ಕೂಟರು ಹತ್ತಿದ. ಗೇಟಿನಿಂದಲೇ ಕೂಗಿದ:

"ಅವ್ವಾ, ಇಟ್ಟು ಎಲ್ಡ್ರಷ್ಟಾಗ್ಬೇಕು. ಆದ್ಮೇಲೆ ಉಂಡೆ ಕಟ್ಟಿ ಬಟ್ಟೆ ಮುಚ್ಚಿರು."

"ಅಷ್ಟೂ ಗೊತ್ತಿಲ್ವಾ ನಂಗೆ. ಓಗ್ಬಾ."

ದಾರಿಯಲ್ಲಿ ಸ್ಕೂಟರು ಪಂಕ್ಚರಾಗಿ, ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು. ಅವನು ಬೆಣ್ಣೆ ಹಿಡಿದು ಒಳಗೆ ಬಂದಾಗ ಹನ್ನೆರಡು ಹೊಡೆದಿತ್ತು. ಒಂದಕ್ಕೆ ಅತಿಥಿಗಳು ಬರುವವರು. ಒಲೆಯ ಪಕ್ಕ ಬಿಳಿ ಬಟ್ಟೆಯ ಕೆಳಗೆ ಸಾಲಾಗಿ ಉಂಡೆಗಳು ಕಂಡು ಅವನ ಮನಸ್ಸು ತಣ್ಣಗಾಯಿತು. ಬಟ್ಟೆ ಎತ್ತಿದ. ಹದಿನಾಲ್ಕು ರಾಗಿಮುದ್ದೆಗಳು ಹಬೆಯಾಡುತ್ತಿದ್ದವು.

ಮಂಡ್ಯ ಸೀಮೆಯಲ್ಲಿ ಹಿಟ್ಟು ಎಂದರೆ ಮುದ್ದೆ. ಬೀಸಿದ ಪುಡಿಗೆ ಹಸಿಟ್ಟು ಎಂಬ ಬೇರೆ ಹೆಸರೇ ಇದೆ. ನಲವತ್ತು ವರ್ಷ ದಿನಕ್ಕೆರಡು ಹೊತ್ತು ಹಿಟ್ಟು ಉಂಡವನು, ನಲವತ್ತು ದಿನದ ರೋಲಿನ ದೆಸೆಯಿಂದ ಇದನ್ನು ಮರೆತಿದ್ದ.

"ನಿಮ್ಗೆಲ್ಲ ಏಳು ಸಾಕಾಯ್ತಿತ್ತು," ಎಂದಳು ಹೊಂಬಾಳಮ್ಮ. "ಎಲ್ಡ್ರಷ್ಟು ಅಂದೆ, ಹದ್ನಾಕ್ ಕಟ್ಟಿವ್ನಿ."

"ನಾನ್ ಕಲ್ಸಿಟ್ಟಿದ್ದು ಎಲ್ಲವ್ವ?"

ಅದು ಬೋಗುಣಿ ದಾಟಿ, ಬಟ್ಟೆಯನ್ನು ಹೊತ್ತುಕೊಂಡು, ಗ್ಯಾಸ್ ಕಟ್ಟೆಯ ಮೇಲೆ ಅರ್ಧ ಮೊಳ ನಡೆದಿತ್ತು.

"ಅದ್ರ ತಂಟೆಗೆ ನಾನ್ ಓಗ್ನಿಲ್ಲ. ಉಸ್ರಾಡ್ತಿತ್ತು."

ಜಯಪ್ರಕಾಶ್ ಅದನ್ನು ಬಳಿದು ಉಂಡೆ ಮಾಡಲು ಹೋದ. ಅದು ಉಂಡೆಯಾಗುವ ಬದಲು ಎರಡೂ ಕೈಗೆ ಗ್ಲೌಸಿನಂತೆ ಮೆತ್ತಿಕೊಂಡಿತು. ಮಣೆಗೆ ಉದುರಿಸಲು ಒಂದು ಚಿಟಿಕೆ ಮೈದಾ ಕೂಡ ಉಳಿದಿರಲಿಲ್ಲ. ಕೈ ಎರಡನ್ನೂ ಎತ್ತಿಕೊಂಡು ಗಡಿಯಾರ ನೋಡುತ್ತ ನಿಂತ ಮಗನನ್ನು ನೋಡಿ ಹೊಂಬಾಳಮ್ಮ ಸೆರಗು ಸಿಕ್ಕಿಸಿದಳು.

"ಬುಡ್ಲಾ ಅತ್ಲಾಗೆ."

ಡಬ್ಬಿಯಿಂದ ರಾಗಿ ಹಸಿಟ್ಟನ್ನು ಹಿಡಿ ತುಂಬ ಮಣೆಗೆ ಎರಚಿ, ತುಂಡು ತುಂಡು ಕಿತ್ತು, ಮುದ್ದೆ ಹೊರಳಿಸುವ ಹಾಗೆ ಅಂಗೈಯಲ್ಲಿ ಹೊರಳಿಸಿದಳು. ಕೊನೆಗೆ ಒಂದೊಂದರ ನೆತ್ತಿಗೂ ಹೆಬ್ಬೆರಳಿಂದ ಒತ್ತಿದಳು.

"ಅದ್ಯಾಕವ್ವ ಒತ್ತುದ್ದು?"

"ಸಾರು ನಿಲ್ಬ್ಯಾಡ್ವಾ?"

ಮೊರಾಗ್‌ಳ ಚೀಟಿಯ ಕಡೆಯ ಸಾಲೂ ಹೆಬ್ಬೆರಳಿಂದ ಒತ್ತಿ ಎಂದೇ ಇತ್ತು. ಕಾರಣ ಬರೆದಿರಲಿಲ್ಲ.

ಓವನ್ನಿಂದ ಇಳಿದ ರೋಲುಗಳು ಅದುಮಿದರೆ ತಗ್ಗಿದವು, ಬಿಟ್ಟರೆ ಎದ್ದವು. ಬಣ್ಣ ಮಾತ್ರ ವಿಭೂತಿ ಬಳಿದುಕೊಂಡ ಹಾಗೆ.

ಒಂದಕ್ಕೆ ಬಂದು ಕೂತವರ ಎಲೆಯಲ್ಲಿ ಮುದ್ದೆ, ಪಕ್ಕದಲ್ಲಿ ರೋಲು, ನಡುವೆ ಬಸ್ಸಾರು. ಶಿವರಾಜು ರೋಲು ಮುರಿದು, ಸಾರಿನಲ್ಲಿ ಅದ್ದಿ, ಹುಟ್ಟಿದಾಗಿನ ಅಭ್ಯಾಸದಂತೆ ಅಗಿಯದೆ ನುಂಗಿದ. ಅದು ಅರ್ಧ ದಾರಿಯಲ್ಲಿ ನಿಂತಿತು. ಕಣ್ಣಲ್ಲಿ ನೀರು ಬಂತು. ಮರಿಸಿದ್ದಯ್ಯ ಬೆನ್ನು ಗುದ್ದಿದರು.

"ಅಗೀಬೇಕು ಕಣ್ಲಾ," ಎಂದ ಜಯಪ್ರಕಾಶ್.

"ಇಟ್ಟಿನ್ ಪಕ್ಕ ಇಟ್ಬುಟ್ಟು ಈಗ ಏಳ್ತಾನೆ ನೋಡು."

ಶಿವರಾಜು ಎರಡನೆಯದನ್ನು ಅಗಿದ. ಮೂರನೆಯದನ್ನು ಬೆರಳು ನೆಕ್ಕಿಕೊಂಡು ತಿಂದ. ನಾಲ್ಕನೆಯದಕ್ಕೆ ಬೆಣ್ಣೆ ಕೇಳಿದ, ಪ್ಯಾಕೆಟ್ಟಿನದಲ್ಲ, ಮನೆಯದು.

"ಮೆತ್ಗೈತೆ. ಒಪ್ಕಂಡೆ," ಎಂದ ಕೊನೆಗೆ.

ಮರಿಸಿದ್ದಯ್ಯ ಒಂದನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ಒರೆಸಿ, ನಾಲಿಗೆಗೆ ಮುಟ್ಟಿಸಿದರು. "ಇದು ರಾಗಿ ಅಸಿಟ್ಟಲ್ವೇನಪ್ಪ? ಸ್ಕಾಟ್ಲೆಂಡಲ್ಲೂ ಇದ್ನೇ ಉದುರುಸ್ತಾರಾ?"

ಇಲ್ಲ ಎಂದರೆ ಇದು ಸ್ಕಾಟ್‌ಲ್ಯಾಂಡಿನ ರೋಲಲ್ಲ, ಪಂದ್ಯ ಹೋಯಿತು. ಎರಡು ವರ್ಷದಲ್ಲಿ ಜಯಪ್ರಕಾಶ್ ಆ ದೇಶದ ಬಗ್ಗೆ ಒಂದು ಸುಳ್ಳೂ ಹೇಳಿರಲಿಲ್ಲ; ಯಾರೂ ನಂಬಿರಲಿಲ್ಲ, ಅದು ಬೇರೆ ಮಾತು. ಅವನು ನೀರು ಕುಡಿದ.

"ಉದುರುಸ್ತಾರೆ," ಎಂದ.

ಎಲ್ಲರೂ ಥಟ್ಟನೆ ನಂಬಿದರು.

"ನೋಡುದ್ರಾ," ಎಂದಳು ಹೊಂಬಾಳಮ್ಮ ಸೌಟು ಹಿಡಿದುಕೊಂಡು. "ಆ ಮೊರದಮ್ಮ ತಿಳ್ದೋಳೇ ಬುಡಿ."

ಸೋಮವಾರ ಕಂಟ್ರೋಲ್ ರೂಮಿನಲ್ಲಿ ಜಯಪ್ರಕಾಶ್ ಡಬ್ಬಿ ಇಟ್ಟು, ಕುರ್ಚಿ ಎಳೆದುಕೊಂಡು, ಗೆದ್ದವನ ನಿಧಾನದಲ್ಲಿ ಶುರುಮಾಡಿದ: "ಸ್ಕಾಟ್‌ಲ್ಯಾಂಡಲ್ಲಿ ನೋಡಿ..."

"ಅದ್ನೇ ಕೇಳ್ಬೇಕು ಅಂತಿದ್ದೆ," ಎಂದು ಮರಿಸಿದ್ದಯ್ಯ ಹತ್ತಿರ ಸರಿದರು. "ಅಲ್ಲಿ ರಾಗಿ ನಾಟಿ ಮಾಡ್ತಾರಾ, ಎರ್ಚ್ತಾರಾ?"

"ಎಕ್ರೆಗೆ ಎಷ್ಟ್ ಮೂಟೆ ಬತ್ತದ್ಲಾ?" ಎಂದ ಶಿವರಾಜು. "ಚಳೀಗೆ ತೆನೆ ಕಟ್ತದಾ?"

ಜಯಪ್ರಕಾಶ್ ಮೀಟರುಗಳನ್ನು ಒಂದೊಂದಾಗಿ ನೋಡಿದ. ಎಲ್ಲವೂ ಸರಿಯಾಗಿಯೇ ಓಡುತ್ತಿದ್ದವು.

"ಇವತ್ತು ಮಳವಳ್ಳಿ ಬಸ್ಸು ಲೇಟಂತಲ್ಲ," ಎಂದ.