ಅತ್ತೆಯ ಎಡಗಣ್ಣು

ಸೊಸೆಯ ಸ್ಟುಡಿಯೋ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಬೀದಿ ಕಡೆಗೊಂದು ದೊಡ್ಡ ಕಿಟಕಿ, ಬೂದು ಪರದೆ, ಮೂಲೆಯಲ್ಲಿ ಕಂಪ್ಯೂಟರ್. ಬಂದವರ ಮುಖ ಬೆಳ್ಳಗೆ ಮಾಡಿ, ಕಲೆ ಅಳಿಸಿ ಕೊಡುವುದು ಅವಳಿಗೆ ಸಾಕುಸಾಕಾಗಿತ್ತು. ಎಣ್ಣೆಬಣ್ಣದಲ್ಲಿ ಬರೆದ ಚಿತ್ರದಂಥ ಫೋಟೋ ಮಾಡಬೇಕೆಂಬ ಹುಚ್ಚು ಹಿಡಿದಿತ್ತು. ಆದರೆ ಗಿರಾಕಿಗಳಿಗೆ ಒಂದು ಗಳಿಗೆ ನೆಟ್ಟಗೆ ಕೂರಲೂ ಪುರುಸೊತ್ತಿಲ್ಲ. ಪುರುಸೊತ್ತಿದ್ದವರು ಅತ್ತೆ ಒಬ್ಬರೇ.

ಅತ್ತೆಗೆ ಕೆಲವು ವರ್ಷಗಳ ಹಿಂದೆ ಮುಖಕ್ಕೆ ಲಕ್ವ ಹೊಡೆದು ಎಡಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿತ್ತು. ಮಾತಿಗೇನೂ ಕುಂದು ಬಂದಿರಲಿಲ್ಲ. ಆದರೆ ಮನೆಯವರು ಫೋಟೋಗೆ ನಿಂತರೆ ಮೆಲ್ಲಗೆ ಯಾರದಾದರೂ ಬೆನ್ನ ಹಿಂದೆ ಸರಿದುಬಿಡುತ್ತಿದ್ದರು.

"ಅತ್ತೆ, ಕಿಟಕಿ ಹತ್ರ ಕೂತ್ಕೋತೀರಾ? ಬೆಳಕು ಹೇಗೆ ಬೀಳುತ್ತೆ ನೋಡ್ಬೇಕು."

"ಅದಕ್ಕೆ ನಾನ್ಯಾಕೆ? ಕುರ್ಚಿ ಸಾಲ್ದಾ?"

"ಕುರ್ಚಿಗೆ ಮೂಗಿಲ್ವಲ್ಲ."

ಅತ್ತೆ ನಗುತ್ತಾ ಶಾಲು ಹೊದ್ದು, ಬಿಡಿಸಬೇಕಾದ ಬಟಾಣಿ ಬುಟ್ಟಿ ತೊಡೆ ಮೇಲಿಟ್ಟುಕೊಂಡು ಕೂತರು, ಬಲಗೆನ್ನೆಯನ್ನೇ ಕ್ಯಾಮೆರಾಕ್ಕೆ ಕೊಟ್ಟು.

ಮೊದಮೊದಲು ಸೊಸೆ ಇಡೀ ಚಿತ್ರಕ್ಕೆ ಕಂಪ್ಯೂಟರಿನ ಕುಂಚ ಆಡಿಸಿದಳು. "ಏನೇ ಇದು, ನೀರಲ್ಲಿ ನೆಂದ ಪೇಪರ್ ಥರ ಇದೆ," ಅಂದರು ಅತ್ತೆ. ಅವಳು ಮುಖ ಸಪ್ಪೆ ಮಾಡಿಕೊಂಡರೂ ಕೆಲಸ ಬಿಡಲಿಲ್ಲ. ಕುಂಚದ ಗುರುತು ಪರದೆಗೆ, ಶಾಲಿನ ಮಡಿಕೆಗೆ ಸಾಕು, ನೆರಳಿಗೆ ಕಪ್ಪಿಗಿಂತ ಕಂದು ಒಪ್ಪುತ್ತದೆ ಎಂದು ಕೆಡಿಸಿ ಕೆಡಿಸಿಯೇ ಕಲಿತಳು.

ಒಂದು ಬೆಳಿಗ್ಗೆ ಒಳಗೆ ಏನೋ ಬಿದ್ದ ಸದ್ದಾಗಿ ಅತ್ತೆ ಗಕ್ಕನೆ ಕ್ಯಾಮೆರಾ ಕಡೆ ತಿರುಗಿದರು. ಸೊಸೆ ಕ್ಲಿಕ್ಕಿಸಿದಳು. ಅಂಥ ಬೆಳಕು ಅದುವರೆಗೆ ಸಿಕ್ಕಿರಲಿಲ್ಲ. ಚಿತ್ರ ತಿದ್ದುತ್ತಾ ತಿದ್ದುತ್ತಾ, ರೂಢಿಬಿದ್ದ ಕೈ ಬಲಗಣ್ಣನ್ನು ನಕಲು ಮಾಡಿ, ಮಗುಚಿ ಎಡಕ್ಕೆ ಕೂರಿಸಿಯೇಬಿಟ್ಟಿತು. ಕರೆದು ತೋರಿಸಿದಳು.

ಅತ್ತೆ ತುಂಬಾ ಹೊತ್ತು ನೋಡಿದರು. "ಚೆನ್ನಾಗಿದ್ದಾಳೆ. ಯಾರಿವಳು?" ಎಂದು ಒಳಗೆ ಹೋದರು. ಅತ್ತೆಯ ಮಾತು ನಿಂತ ಮನೆ ಬಿಕೋ ಅನ್ನುತ್ತಿತ್ತು.

ಸಂಜೆ ಚಹಾ ಕೊಡುವಾಗ ಸೊಸೆ ಕೇಳಿದಳು: "ಕೋಪ ಬಂತಾ?"

"ಕೋಪ ಯಾಕೆ? ಆ ಕಣ್ಣು ಕಂಡ್ರೆ ನಂಗೇ ಆಗಲ್ಲ. ನಿಂಗೂ ಆಗಲ್ಲ ಅಂತ ಗೊತ್ತಿರ್ಲಿಲ್ಲ, ಅಷ್ಟೆ."

ಸೊಸೆ ಹಾಗೇನಿಲ್ಲ ಎನ್ನಬೇಕೆಂದುಕೊಂಡಳು, ಆದರೆ ಕೈ ಮಾಡಿದ ಕೆಲಸ ಕಣ್ಣ ಮುಂದೆಯೇ ಇತ್ತಲ್ಲ. ಮರುದಿನ ತಿದ್ದಿದ್ದನ್ನೆಲ್ಲ ಅಳಿಸಿ, ಅದೇ ಫೋಟೋವನ್ನು ಮೊದಲಿನಿಂದ ಶುರುಮಾಡಿದಳು. ಈ ಸಲ ಎಡಗಣ್ಣನ್ನು ನೆರಳಿಗೆ ತಳ್ಳಲೂ ಇಲ್ಲ, ಎತ್ತಲೂ ಇಲ್ಲ. ಇಳಿದ ರೆಪ್ಪೆಯ ಮೇಲೆ ಕೂತಿದ್ದ ಬೆಳಕಿಗೆ ಸಣ್ಣ ಕುಂಚದಲ್ಲಿ ಚೂರು ಹಳದಿ ಬೆರೆಸಿ, ಸುತ್ತಲಿನದನ್ನೆಲ್ಲ ಮೆತ್ತಗೆ ಮಬ್ಬು ಮಾಡಿದಳು. ಮುದ್ರಿಸಿ ಅತ್ತೆಯ ಕೈಗಿತ್ತು, ಪಕ್ಕದಲ್ಲೇ ನಿಂತಳು.

ಅತ್ತೆ ಕನ್ನಡಕ ಹಾಕಿಕೊಂಡರು. ರೆಪ್ಪೆಯ ಮೇಲೆ ಬೆರಳಿಟ್ಟರು, ಸವರಿದರು.

"ಮೂಗು ಸ್ವಲ್ಪ ದೊಡ್ಡದಾಯ್ತು."

"ಅದು ನಾನು ಮಾಡಿದ್ದಲ್ಲ, ಅತ್ತೆ."

"ನಿನ್ನ ಮಾವಾನೂ ನನ್ನ ಮೂಗು ದೊಡ್ಡದು ಅಂತಿದ್ರು," ಎಂದು ನಕ್ಕು, ಮುಂದಿನ ಕೋಣೆಯಲ್ಲೇ ಮೊಳೆ ಹೊಡೆಸಿ ಚಿತ್ರ ಹಾಕಿಸಿದರು.

ಎದುರಂಗಡಿಯ ದರ್ಜಿ ಅದನ್ನು ನೋಡಿ, ತನ್ನ ತಾಯಿಯನ್ನೂ ಕರೆತಂದ. ಆಕೆ ಕ್ಯಾಮೆರಾ ಕಂಡು ಕೊರಡಿನಂತೆ ಬಿಗಿದು ಕೂತರು. ಸೊಸೆ ಏನು ಹೇಳಿದರೂ ಸಡಿಲವಾಗಲಿಲ್ಲ. ಅತ್ತೆ ಬಂದು ಎದುರಿಗೆ ಕುರ್ಚಿ ಎಳೆದುಕೊಂಡು, ಮಂಡಿನೋವಿನಿಂದ ಹಿಡಿದು ಬೀಗರ ಸುದ್ದಿಯವರೆಗೆ ಹರಟಿದರು. ಆಕೆ ತಮ್ಮ ಬೀಗರ ಸುದ್ದಿಗೆ ಬರುವಷ್ಟರಲ್ಲಿ ಫೋಟೋ ಮುಗಿದಿತ್ತು. ಅಂದಿನಿಂದ ಸ್ಟುಡಿಯೋದಲ್ಲಿ ಮಾತಿನ ಕೆಲಸವೆಲ್ಲ ಅತ್ತೆಯದು.