ಮೇಜಿನ ಕೆಳಗಿನ ಜಾಗ

ಕಲೆಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ದಿನದ ಕೆಲಸ ಮುಗಿಸಿ, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತಲೇ ಪದವಿ ಮುಗಿಸಿದವಳು ನಾನು. ಸ್ವಂತ ತಂಗಿಯ ಮೇಲಿನ ಹೊಟ್ಟೆಕಿಚ್ಚನ್ನು ನಾಲ್ಕು ಜನ ಓದುವಂತೆ ಬರೆಯುವುದು ಸರಿಯೋ ತಪ್ಪೋ, ಅದೂ ತಿಳಿಯದು. ತಪ್ಪೆನಿಸಿದರೆ ಕ್ಷಮಿಸಬೇಕು.

ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ನನ್ನದು ಚಿತ್ರ ತೂಗುಹಾಕುವ ಕೆಲಸ. ಮೊಳೆ, ತಂತಿ, ದೀಪ ತಿರುಗಿಸುವುದು, ವಿವರದ ಫಲಕ ಅಂಟಿಸುವುದು, ಎಲ್ಲ ನನ್ನ ಕೈಯಿಂದಲೇ ಆಗಬೇಕು. ಈ ಸಲದ ಪ್ರದರ್ಶನಕ್ಕೆ ‘ನಾವು ಯಾರ ಮಕ್ಕಳು’ ಎಂದು ಹೆಸರಿಟ್ಟಿದ್ದರು. ತಮ್ಮ ಗುರುತು, ಸಂಸ್ಕೃತಿ, ಮನೆತನ ಇವುಗಳ ಬಗ್ಗೆ ಇದೇ ಕಾಲೇಜಿನಲ್ಲಿ ಓದಿದ ಕಲಾವಿದರು ಮಾಡಿದ ಕೃತಿಗಳು. ಒಬ್ಬರು ಅಜ್ಜನ ಚಪ್ಪಲಿಗಳನ್ನು ಎರಕ ಹೊಯ್ದು ಸಾಲಾಗಿ ಇಟ್ಟಿದ್ದರು. ಇನ್ನೊಬ್ಬರು ಮನೆಮಂದಿಯ ಮೂಗುಗಳನ್ನಷ್ಟೇ ಬರೆದಿದ್ದರು. ಹಾಲಿನ ನಟ್ಟನಡುವೆ, ಒಳ್ಳೆಯ ಬೆಳಕು ಬೀಳುವ ಕಡೆ, ನನ್ನ ತಂಗಿಯ ಕೃತಿ. ಅವಳು ಇಲ್ಲಿ ಓದಿದ್ದು ಹಗಲಿನಲ್ಲಿ.

ಆ ಕೃತಿ ಎಂದರೆ ನಮ್ಮ ಮನೆಯ ಮೇಜು. ಅಮ್ಮ ಅದರ ಮೇಲೆ ಬಟ್ಟೆ ಕತ್ತರಿಸಿ, ಪಕ್ಕದ ಯಂತ್ರದಲ್ಲಿ ಹೊಲಿಯುತ್ತಿದ್ದಳು. ತಂಗಿ ಒಂದು ಭಾನುವಾರ ಬಂದು ಕೇಳಿದಳು, ಅಮ್ಮ ತೆಗೆದುಕೊಂಡು ಹೋಗು ಎಂದುಬಿಟ್ಟಳು. ಅದೇ ಮನೆಯಲ್ಲಿ ಅಮ್ಮನ ಜೊತೆ ಇರುವ ನನ್ನನ್ನು ಇಬ್ಬರೂ ಒಂದು ಮಾತು ಕೇಳಲಿಲ್ಲ. ತಂಗಿ ನನ್ನ ಕೈಯಿಂದ ಮೊಳೆ ಹೊಡೆಸಿ, ಮೇಜಿನ ಅಡಿಯಿಂದ ನೂರಾರು ಬಟ್ಟೆ ಪಟ್ಟಿಗಳನ್ನು ಇಳಿಬಿಟ್ಟಳು. ನೋಡಲು ಬಂದವರು ಅವುಗಳ ನಡುವೆ ನುಸುಳಿ ಕೆಳಗೆ ಕೂರಬೇಕು. ಕೂತರೆ ಹೊಲಿಗೆ ಯಂತ್ರದ ಸದ್ದು ಕೇಳುತ್ತದೆ. ಎದುರು ಗೋಡೆಯ ಫಲಕದಲ್ಲಿ ಹೀಗಿತ್ತು: ‘ಅಮ್ಮ ಹೊಲಿಯುವಾಗ ನಾನು ಈ ಮೇಜಿನ ಕೆಳಗೆ ಬೆಳೆದೆ. ಮೇಲಿಂದ ಬಿದ್ದ ತುಂಡುಗಳೇ ನನ್ನ ಮೊದಲ ಬಣ್ಣಗಳು.’

ಎರಡು ಸಲ ಓದಿದೆ. ಆ ಮೇಜಿನ ಕೆಳಗೆ ಬೆಳೆದವಳು ನಾನು. ತಂಗಿ ಅಂಬೆಗಾಲಿಡುವ ಹೊತ್ತಿಗೆ ಅಮ್ಮ ಗಾರ್ಮೆಂಟ್ಸ್ ಸೇರಿ, ಮೇಜಿನ ಮೇಲೆ ಪಾತ್ರೆಗಳು ಬಂದಿದ್ದವು. ಅವಳನ್ನು ತಟ್ಟಿ ಮಲಗಿಸುತ್ತಿದ್ದದ್ದು ನಾನು. ಮಲಗಿಸಲು ಹೇಳುತ್ತಿದ್ದದ್ದು ಆ ಮೇಜಿನ ಕೆಳಗಿನ ಕಥೆಗಳನ್ನೇ. ಫಲಕವನ್ನು ಮಟ್ಟ ನೋಡಿ ಅಂಟಿಸಿದೆ.

ಜನ ಒಳಗೆ ಹೋಗಿ ಕೂರುವ ಕೃತಿಯಾದರೆ ನಮ್ಮಲ್ಲೊಂದು ಪದ್ಧತಿಯಿದೆ. ಕೃತಿಯನ್ನು ಜೋಡಿಸಿದವರು ಬಾಗಿಲು ತೆರೆಯುವ ಮುಂಚೆ ಒಮ್ಮೆ ಒಳಗೆ ಕೂತು, ತಲೆಗೆ ಬೆನ್ನಿಗೆ ಏನೂ ಚುಚ್ಚುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ನಾನು ಇದುವರೆಗೆ ತಪ್ಪಿಸಿದವಳಲ್ಲ. ಆ ದಿನ ಮಾತ್ರ ಹೊರಗೇ ನಿಂತು ಕೈ ಹಾಕಿ ಸವರಿದೆ. ನನ್ನ ಜಾಗಕ್ಕೆ ನಾನು ನೋಡಲು ಬಂದವಳಂತೆ ನುಸುಳಬೇಕೇ ಎನ್ನಿಸಿತು. ಎಲ್ಲ ಸರಿಯಿದೆ ಎಂದು ಮ್ಯೂಸಿಯಮ್ಮು ನೋಡಿಕೊಳ್ಳುವ ಮೇಡಮ್ಮಿಗೆ ಹೇಳಿದೆ.

ಉದ್ಘಾಟನೆಗೆ ಅಮ್ಮ ಬಂದಳು. ತಂಗಿ ಕೈಹಿಡಿದು ಕರೆದುಕೊಂಡು ಹೋಗಿ ಎಲ್ಲರಿಗೂ ಪರಿಚಯಿಸಿದಳು. ಇವರೇ ಆ ತಾಯಿ ಎಂದು ಜನ ಸುತ್ತುವರಿದರು. ನಾನು ಏಣಿಯ ಪಕ್ಕ ನಿಂತಿದ್ದೆ. ಮಂಡಿನೋವು, ಬೇಡ ಎಂದರೂ ಕೇಳದೆ ಅಮ್ಮ ಮೇಜಿನ ಕೆಳಗೆ ನುಸುಳಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು.

“ಯಾರ್ರೀ ಅದು, ನನ್ನ ಜುಟ್ಟು ಹಿಡ್ಕೊಂಡಿರೋರು?”

ಜನ ನಕ್ಕರು. ನಾನು ಏಣಿ ಬಿಟ್ಟು ಓಡಿದೆ. ಒಂದು ಕಡೆಯಿಂದ ನಾನು, ಇನ್ನೊಂದು ಕಡೆಯಿಂದ ತಂಗಿ ಒಳಗೆ ತೆವಳಿದೆವು. ಪಟ್ಟಿಗೆ ಹೊಡೆದಿದ್ದ ಮೊಳೆಯೊಂದು ಬಾಗಿ, ಅಮ್ಮನ ತುರುಬು ಅದಕ್ಕೆ ಸಿಕ್ಕಿಕೊಂಡಿತ್ತು. ಹೊಡೆದವಳು ನಾನೇ.

“ಅಕ್ಕ, ನೀನು ಒಳಗೆ ಕೂತು ನೋಡ್ಲಿಲ್ವಾ?” ತಂಗಿ ಪಿಸುಗುಟ್ಟಿದಳು. ಬೈಗುಳವಲ್ಲ, ಬರೀ ಪ್ರಶ್ನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಮೈಮೇಲೆ ಎಳೆದುಕೊಂಡೆ.

“ಇದು ನಾನು ಕೂರ್ತಿದ್ದ ಜಾಗ ಕಣೇ. ನೀನಲ್ಲ. ನೀನಿನ್ನೂ ಹುಟ್ಟೇ ಇರ್ಲಿಲ್ಲ.”

ಅವಳು ನನ್ನನ್ನೇ ನೋಡಿದಳು. “ನಂಗೆ ನೆನಪಿದೆಯಲ್ಲ ಅಕ್ಕ. ನೀಲಿ ಪಟ್ಟೆ ತುಂಡು ಬಾಯಿಗಿಟ್ರೆ ಬಣ್ಣ ಬಿಡ್ತಿತ್ತು.”

“ಅದು ನಿನ್ನ ಮಲಗಿಸೋಕೆ ನಾನು ಹೇಳ್ತಿದ್ದ ಕಥೆ. ಅಮ್ಮಾ, ನೀನೇ ಹೇಳು. ಇಲ್ಲಿ ಕೂರ್ತಿದ್ದೋಳು ಯಾರು?”

ಅಷ್ಟು ದಿನ ನಾನು ಕಾದದ್ದು ಆ ಒಂದು ಉತ್ತರಕ್ಕೆ. ಅಮ್ಮನ ತಲೆ ಇನ್ನೂ ಮೊಳೆಗೆ ಸಿಕ್ಕಿತ್ತು.

“ಯಾವ್ದೋ ಒಂದು ಮಗು ಕಾಲಿಗೆ ತೊಡರ್ತಿತ್ತಪ್ಪ. ಅತ್ಲಾಗೆ ಸರಿ ಅಂತ ಕಾಲಲ್ಲೇ ತಳ್ತಿದ್ದೆ. ನನ್ನ ಕಣ್ಣು ಸೂಜಿ ಮೇಲೆ, ಬಗ್ಗಿ ಯಾರು ಅಂತ ನೋಡೋಕೆ ಪುರುಸೊತ್ತೆಲ್ಲಿತ್ತು? ಮೊದ್ಲು ಕೂದಲು ಬಿಡಿಸ್ರೇ.”

ಬಿಡಿಸಿದೆವು. ನಾನು ಮೊಳೆ ಕಿತ್ತೆ, ತಂಗಿ ಅಮ್ಮನ ತುರುಬು ಕಟ್ಟಿದಳು. ಯಂತ್ರದ ಸದ್ದು ಓಡುತ್ತಲೇ ಇತ್ತು.

ಅತಿಥಿಗಳು ಹೋದ ಮೇಲೆ ತಂಗಿ ಫಲಕವನ್ನು ಗೋಡೆಯಿಂದ ಬಿಡಿಸಿ ನನ್ನ ಕೈಗಿಟ್ಟಳು. ಅವಳ ಕಣ್ಣು ಕೆಂಪಾಗಿತ್ತು. “ಏನು ಬರೀಬೇಕೋ ನೀನೇ ಬರಿ ಅಕ್ಕ. ಹಾಗೇ ಹಾಕೋಣ,” ಎಂದು ಅಮ್ಮನನ್ನು ಕರೆದುಕೊಂಡು ಹೊರಗೆ ಹೋದಳು.

ಪೆನ್ನು ಹಿಡಿದು ಬೆಂಚಿನ ಮೇಲೆ ಕೂತೆ. ‘ನಾನು’ ಎಂದಿದ್ದ ಕಡೆ ‘ಅಕ್ಕ’ ಎಂದು ಬರೆಯಬಹುದಿತ್ತು, ಬರೆದಿದ್ದರೆ ನಾಳೆಯಿಂದ ಬರುವವರೆಲ್ಲ ಓದುತ್ತಿದ್ದರು. ಆದರೆ ನನಗೆ ಬೇಕಾಗಿದ್ದದ್ದು ಅಮ್ಮ ಒಬ್ಬಳು ಬಗ್ಗಿ ನೋಡುವುದು. ಅವಳು ನೋಡಿಯೇ ಇರಲಿಲ್ಲ, ನನ್ನನ್ನೂ ಇಲ್ಲ, ತಂಗಿಯನ್ನೂ ಇಲ್ಲ. ಹೊಸ ಅಂಟು ಹಚ್ಚಿ, ಫಲಕವನ್ನು ಇದ್ದಂತೆಯೇ ಮತ್ತೆ ಗೋಡೆಗೆ ಒತ್ತಿದೆ. ಒಳ್ಳೆಯತನಕ್ಕೆ ಹಾಗೆ ಮಾಡಿದೆ ಎಂದು ಹೇಳಲಾರೆ. ಪತ್ರಿಕೆಯಲ್ಲಿ ತಂಗಿಯ ಫೋಟೋ ಬಂದ ದಿನ ನನಗೆ ಊಟ ಸೇರಲಿಲ್ಲ.

ಗಾರ್ಮೆಂಟ್ಸ್ ಸೇರಿದ ಮೇಲೂ ಅಮ್ಮ ಕೆಲವೊಮ್ಮೆ ಬಟ್ಟೆ ಮನೆಗೆ ತಂದು ಹೊಲಿದದ್ದುಂಟು. ಆಗ ನಾನು ಶಾಲೆಯಲ್ಲಿರುತ್ತಿದ್ದೆ. ಆ ಹೊತ್ತಿನಲ್ಲಿ ಮೇಜಿನ ಕೆಳಗೆ ತಂಗಿ ಕೂರುತ್ತಿದ್ದಳೋ ಇಲ್ಲವೋ, ನನಗೆ ಗೊತ್ತಿಲ್ಲ.